‘ಟೆನ್ಷನ್ ಅಷ್ಟೇ’ ಅಂದರೆ ಮುಗಿಯಿತಾ? ಪ್ಯಾನಿಕ್ ಅಟ್ಯಾಕ್ ಮತ್ತು ಅದರ ಜೊತೆ ಹೆಣೆದುಕೊಂಡ ಕಾಯಿಲೆಗಳು

ಆ ಸಂಜೆ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಎರಡೂ ಕೈಗಳ ಬೆರಳು ಒಂದಕ್ಕೊಂದು ಅಂಟಿಕೊಂಡು, ಹಕ್ಕಿಯ ಕೊಕ್ಕಿನ ಹಾಗೆ ಒಳಕ್ಕೆ ಬಾಗಿದ್ದವು. ಬಿಡಿಸಲು ನೋಡಿದೆ, ಆಗಲಿಲ್ಲ. ತುಟಿ ಸುತ್ತ ಜೋಮು ಹಿಡಿದಿದೆ ಅಂದಳು, ಎದೆ ಮೇಲೆ ಯಾರೋ ಕೂತ ಹಾಗಿದೆ ಅಂದಳು, ಆಮೇಲೆ ನನ್ನ ಮುಖ ನೋಡಿ "ನಾನು ಉಳಿಯಲ್ಲ ಕಣೋ, ಮಕ್ಕಳನ್ನ ನೋಡ್ಕೋ" ಅಂದುಬಿಟ್ಟಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆರಳು ಸಡಿಲವಾಗಿದ್ದವು. ಇಸಿಜಿ ತೆಗೆದರು, ನಾರ್ಮಲ್. ಬಿಪಿ ಸ್ವಲ್ಪ ಜಾಸ್ತಿ. "ಏನೂ ಇಲ್ಲ, ಟೆನ್ಷನ್ ಅಷ್ಟೇ, ಮನೆಗೆ ಹೋಗಿ ರೆಸ್ಟ್ ಮಾಡಿ" ಅಂದರು.

ಎರಡು ತಿಂಗಳಲ್ಲಿ ಹೀಗೆ ಮೂರು ಸಲ ಆಯಿತು. ಮೂರನೇ ಸಲ ನೋಡಿದ ಡಾಕ್ಟರ್ ಮಾತ್ರ ಬೇರೆ ಥರ ಇದ್ದರು. ಕೈ ಮುಂದಕ್ಕೆ ಚಾಚಲು ಹೇಳಿ, ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆಯ ಅಂಚು ಸಣ್ಣಗೆ ನಡುಗುತ್ತಿತ್ತು, ಬರಿಗಣ್ಣಿಗೆ ಕಾಣದ ನಡುಕ ಅದರಲ್ಲಿ ಕಾಣುತ್ತಿತ್ತು. "ತೂಕ ಇಳಿದಿದೆಯಾ? ಎಲ್ಲರಿಗೂ ಚಳಿ ಅನ್ನಿಸುವಾಗ ನಿಮಗೆ ಸೆಕೆ ಆಗುತ್ತಾ?" ಅಂತ ಕೇಳಿದರು. ಎರಡಕ್ಕೂ ಹೌದು ಅಂದಳು ಅಕ್ಕ. ರಕ್ತ ಪರೀಕ್ಷೆ ಮಾಡಿಸಿದರೆ, ಥೈರಾಯ್ಡ್ ಅತಿಯಾದಾಗ ಇಳಿಯುವ ಹಾರ್ಮೋನ್ ಆದ ಟಿಎಸ್‌ಎಚ್ ತಳ ಮುಟ್ಟಿತ್ತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿತ್ತು.

ಅಂದರೆ ಅದು ಪ್ಯಾನಿಕ್ ಅಟ್ಯಾಕ್ ಅಲ್ಲ, ಥೈರಾಯ್ಡ್ ಅಂತ ಅಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡೆವು. ಮಾತ್ರೆ ಶುರುವಾಯಿತು, ಕೆಲವು ತಿಂಗಳಲ್ಲಿ ರಿಪೋರ್ಟ್ ಸರಿಹೋಯಿತು, ತೂಕ ವಾಪಸ್ ಬಂತು, ಕೈ ನಡುಕ ನಿಂತಿತು. ಅಟ್ಯಾಕ್ ಮಾತ್ರ ನಿಲ್ಲಲಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಬಹಳ ದಿನ ಹಿಡಿಯಿತು. ‘ಇದು ದೇಹದ್ದಾ, ಮನಸ್ಸಿನದಾ’ ಅನ್ನುವ ಪ್ರಶ್ನೆಯೇ ತಪ್ಪು. ಹೆಚ್ಚಿನ ಸಲ ಎರಡೂ ಒಟ್ಟಿಗೇ ಇರುತ್ತವೆ, ಒಂದು ಇನ್ನೊಂದಕ್ಕೆ ತುಪ್ಪ ಸುರಿಯುತ್ತಾ ಇರುತ್ತದೆ.

ಪ್ಯಾನಿಕ್ ಅಟ್ಯಾಕ್ ಅಂದರೆ ಸುಮ್ನೆ ಜಾಸ್ತಿ ಚಿಂತೆ ಮಾಡುವುದಲ್ಲ. ಇದ್ದಕ್ಕಿದ್ದಂತೆ ಭಯ ಉಕ್ಕಿ ಬಂದು, ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟುತ್ತದೆ. ಮನೋವೈದ್ಯರು ಬಳಸುವ ಪಟ್ಟಿಯಲ್ಲಿ 13 ಲಕ್ಷಣಗಳಿವೆ: ಎದೆ ಡವಡವ, ಬೆವರು, ನಡುಕ, ಉಸಿರು ಕಟ್ಟಿದ ಹಾಗೆ, ಗಂಟಲು ಹಿಡಿದ ಹಾಗೆ, ಎದೆನೋವು, ಹೊಟ್ಟೆ ತೊಳೆಸುವುದು, ತಲೆಸುತ್ತು, ಮೈ ಚಳಿ ಅಥವಾ ಬಿಸಿ, ಜೋಮು, ಸುತ್ತಲಿನದು ಯಾವುದೂ ನಿಜ ಅಲ್ಲ ಅನ್ನಿಸುವುದು, ಹುಚ್ಚು ಹಿಡಿಯುತ್ತದೆ ಅನ್ನುವ ಭಯ, ಸತ್ತೇ ಹೋಗುತ್ತೇನೆ ಅನ್ನುವ ಭಯ. ಇದರಲ್ಲಿ ನಾಲ್ಕಾದರೂ ಒಟ್ಟಿಗೆ ಬಂದರೆ ಅದು ಪ್ಯಾನಿಕ್ ಅಟ್ಯಾಕ್. ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಹೆಚ್ಚಿನವು ಮೈಗೆ ಸಂಬಂಧಿಸಿದವು. ಅದಕ್ಕೇ ಜನ ಮೊದಲು ಓಡುವುದು ಹೃದಯದ ಡಾಕ್ಟರ ಹತ್ತಿರ.

ಇದು ಅಪರೂಪವೂ ಅಲ್ಲ. 25 ದೇಶಗಳಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಗಳ ಲೆಕ್ಕದಲ್ಲಿ, 100 ಜನರಲ್ಲಿ ಸುಮಾರು 13 ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಪ್ಯಾನಿಕ್ ಅಟ್ಯಾಕ್ ಆಗಿರುತ್ತದೆ. ಆದರೆ ಪ್ಯಾನಿಕ್ ಡಿಸಾರ್ಡರ್ ಅನ್ನುವ ಕಾಯಿಲೆ ಆಗುವುದು 100ರಲ್ಲಿ ಇಬ್ಬರಿಗಿಂತ ಕಡಿಮೆ ಜನರಿಗೆ. ಅಟ್ಯಾಕ್ ಮತ್ತೆ ಮತ್ತೆ ಬರುವುದು, ಮುಂದಿನದು ಯಾವಾಗಲೋ ಅಂತ ಒಂದು ತಿಂಗಳಾದರೂ ಹೆದರಿಕೊಂಡೇ ಇರುವುದು ಅಥವಾ ಆ ಹೆದರಿಕೆಗೆ ಲಿಫ್ಟು, ಬಸ್ಸು, ಜನಜಂಗುಳಿ ಎಲ್ಲ ಬಿಟ್ಟುಬಿಡುವುದು, ಇಷ್ಟು ಸೇರಿದರೆ ಕಾಯಿಲೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಸುಮಾರು ಎರಡು ಪಟ್ಟು.

ಇನ್ನು ಆ ಬೆರಳಿನ ವಿಷಯಕ್ಕೆ ಬರುತ್ತೇನೆ. ಅದನ್ನು ನೋಡಿ ನಾನು ಪಾರ್ಶ್ವವಾಯು ಅಂದುಕೊಂಡಿದ್ದೆ. ನಡೆದದ್ದು ಇಷ್ಟು. ಭಯವಾದಾಗ ಮಿದುಳು ಅಲಾರಂ ಹೊಡೆಯುತ್ತದೆ, ಅಡ್ರಿನಲಿನ್ ಹರಿಯುತ್ತದೆ, ಓಡಲು ಇಲ್ಲವೇ ಹೊಡೆದಾಡಲು ಮೈ ತಯಾರಾಗುತ್ತದೆ. ಉಸಿರಾಟ ಜೋರಾಗುತ್ತದೆ. ನಿಜವಾಗಿ ಓಡಿದ್ದರೆ ಸ್ನಾಯುಗಳು ಸಾಕಷ್ಟು ಕಾರ್ಬನ್ ಡೈಆಕ್ಸೈಡ್ ತಯಾರು ಮಾಡುತ್ತಿದ್ದವು, ಲೆಕ್ಕ ಸರಿಹೋಗುತ್ತಿತ್ತು. ಕೂತ ಜಾಗದಲ್ಲೇ ಹಾಗೆ ಉಸಿರಾಡಿದರೆ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ರಕ್ತ ಸ್ವಲ್ಪ ಕ್ಷಾರದ ಕಡೆ ವಾಲುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಕಡಿಮೆಯಾಗಿ ನರಗಳು ಸಣ್ಣದಕ್ಕೂ ಕಿಡಿ ಹಾರಿಸುವ ಸ್ಥಿತಿಗೆ ಬರುತ್ತವೆ. ಅದೇ ಜೋಮು, ಅದೇ ಸೆಟೆದುಕೊಂಡ ಬೆರಳು. ಮಿದುಳಿನ ರಕ್ತನಾಳಗಳೂ ಕಿರಿದಾಗುತ್ತವೆ, ತಲೆ ತೇಲಿದ ಹಾಗಾಗುತ್ತದೆ. ಆಕ್ಸಿಜನ್‌ಗೆ ಏನೂ ಕೊರತೆ ಇರುವುದಿಲ್ಲ, ಆದರೂ ಉಸಿರು ಸಾಲದು ಅನ್ನಿಸುತ್ತದೆ, ಇನ್ನೂ ಜೋರಾಗಿ ಎಳೆದುಕೊಳ್ಳುತ್ತೇವೆ, ಅದರಿಂದ ಇನ್ನೂ ಕೆಡುತ್ತದೆ. ಪಕ್ಕದಲ್ಲಿದ್ದವರು "ದೀರ್ಘವಾಗಿ ಉಸಿರು ತಗೋ, ದೀರ್ಘವಾಗಿ" ಅಂತ ಹೇಳುತ್ತಲೇ ಇರುತ್ತಾರೆ. ನಾನೂ ಅದನ್ನೇ ಹೇಳಿದ್ದೆ. ಬೇಕಾಗಿದ್ದದ್ದು ದೊಡ್ಡ ಉಸಿರಲ್ಲ, ನಿಧಾನದ ಉಸಿರು.

ಹಾಗಾದರೆ ಎಲ್ಲವೂ ಮನಸ್ಸಿನ ಭಯದಿಂದಲೇ ಶುರುವಾಗುತ್ತದಾ? ಅದೂ ಇಲ್ಲ. 1967ರಲ್ಲಿ ಪಿಟ್ಸ್ ಮತ್ತು ಮೆಕ್ಲೂರ್ ಅನ್ನುವ ಇಬ್ಬರು ವೈದ್ಯರು, ಈ ತೊಂದರೆ ಇದ್ದವರಿಗೆ ಸೋಡಿಯಂ ಲ್ಯಾಕ್ಟೇಟ್ ಡ್ರಿಪ್ ಹಾಕಿದರೆ ಅಟ್ಯಾಕ್ ಬರುತ್ತದೆ ಅಂತ ತೋರಿಸಿದರು. ಇನ್ನೊಂದು ಪ್ರಯೋಗ ನನಗೆ ಮರೆಯಲಾಗದ್ದು. ಎಸ್‌ಎಂ ಅನ್ನುವ ಅಕ್ಷರಗಳಿಂದಷ್ಟೇ ಗುರುತಿಸುವ ಒಬ್ಬ ಹೆಂಗಸಿಗೆ, ಅಪರೂಪದ ಕಾಯಿಲೆಯಿಂದ ಮಿದುಳಿನ ಅಮಿಗ್ಡಲಾ ಅನ್ನುವ ಭಾಗ ಎರಡೂ ಕಡೆ ಹಾಳಾಗಿತ್ತು. ಭಯಕ್ಕೆ ಮುಖ್ಯವಾದ ಭಾಗ ಅದು. ಹಾವು ತೋರಿಸಿದರೂ ಆಕೆಗೆ ಭಯವಾಗುತ್ತಿರಲಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಕೆಗೆ 35% ಕಾರ್ಬನ್ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದೇ ಒಂದು ಉಸಿರು ಎಳೆದುಕೊಳ್ಳಲು ಕೊಟ್ಟರು. ಆಕೆ ಮುಖದ ಮಾಸ್ಕ್ ಕಿತ್ತೆಸೆಯಲು ಒದ್ದಾಡಿದಳು. ಅದು ಪೂರ್ತಿ ಪ್ಯಾನಿಕ್ ಅಟ್ಯಾಕ್. ಹೊರಗಿನ ಯಾವ ಭಯವೂ ಮುಟ್ಟದ ಜೀವವನ್ನು ಒಳಗಿನ ರಾಸಾಯನಿಕ ಬದಲಾವಣೆಯೊಂದು ನಡುಗಿಸಿತು. ‘ಮನಸ್ಸು ಗಟ್ಟಿ ಮಾಡ್ಕೋ’ ಅಂತ ಹೇಳುವ ಮುಂಚೆ ಇದನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಹೃದಯದ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಯಾಕಂದರೆ ಗೊಂದಲ ಜಾಸ್ತಿ ಇರುವುದು ಅಲ್ಲೇ. ಇದು ಹಳೆಯ ಗೊಂದಲ ಕೂಡ. 1871ರಲ್ಲಿ ಜೇಕಬ್ ಡಾ ಕೋಸ್ಟಾ ಎಂಬ ಅಮೆರಿಕದ ವೈದ್ಯರು, ಅಲ್ಲಿನ ಅಂತರ್ಯುದ್ಧದಲ್ಲಿ ಹೋರಾಡಿದ್ದ ಸೈನಿಕರಲ್ಲಿ ಎದೆ ಬಡಿತ, ಎದೆನೋವು, ಏದುಸಿರು ಕಂಡು, ಹೃದಯದಲ್ಲಿ ದೋಷ ಸಿಗದೆ, ಅದಕ್ಕೆ ‘ರೇಗುವ ಹೃದಯ’ ಅನ್ನುವ ಅರ್ಥದ ಹೆಸರಿಟ್ಟರು. ಪ್ಯಾನಿಕ್ ಡಿಸಾರ್ಡರ್ ಅನ್ನುವ ಪ್ರತ್ಯೇಕ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು 1980ರಲ್ಲಿ. ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

1996ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಒಂದು ಹೃದಯ ಆಸ್ಪತ್ರೆಯ ಅಧ್ಯಯನ ಪ್ರಕಟವಾಯಿತು. ಎದೆನೋವು ಅಂತ ಎಮರ್ಜೆನ್ಸಿಗೆ ಬಂದ 441 ಜನರನ್ನು ಮಾತಾಡಿಸಿದರು. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಪ್ಯಾನಿಕ್ ಡಿಸಾರ್ಡರ್ ಇತ್ತು, ಮತ್ತು ಹೃದಯ ತಜ್ಞರಿಗೆ ಅದು ಹೆಚ್ಚುಕಮ್ಮಿ ಯಾರಲ್ಲೂ ಗೊತ್ತಾಗಲಿಲ್ಲ. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಯನದ ಇನ್ನೊಂದು ಅಂಕಿ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಆ ಪ್ಯಾನಿಕ್ ರೋಗಿಗಳಲ್ಲೇ 44% ಜನರಿಗೆ ಮೊದಲಿನಿಂದ ಹೃದಯದ ರಕ್ತನಾಳದ ಕಾಯಿಲೆಯೂ ಇತ್ತು. ಹೃದಯ ಆಸ್ಪತ್ರೆ ಆದ್ದರಿಂದ ಅಲ್ಲಿ ಈ ಪ್ರಮಾಣ ಜಾಸ್ತಿ ಇರುವುದು ಸಹಜ. ಆದರೂ ‘ಇವರಿಗೆ ಪ್ಯಾನಿಕ್ ಇದೆ, ಹಾಗಾಗಿ ಹೃದಯ ಸರಿಯಿದೆ’ ಅನ್ನುವ ತರ್ಕ ನಿಲ್ಲುವುದಿಲ್ಲ ಅಂತ ಇದು ಸಾಕಷ್ಟು ಸ್ಪಷ್ಟವಾಗಿ ಹೇಳುತ್ತದೆ.

ಉಲ್ಟಾ ಗೊಂದಲವೂ ಇದೆ. ಹೃದಯದ ವಿದ್ಯುತ್ ದಾರಿಯಲ್ಲಿ ಶಾರ್ಟ್ ಸರ್ಕ್ಯೂಟ್ ಆದ ಹಾಗೆ ಬಡಿತ ಒಮ್ಮೆಲೇ ನಿಮಿಷಕ್ಕೆ 150, 200ರವರೆಗೆ ಏರುವ ಒಂದು ತೊಂದರೆ ಇದೆ, ವೈದ್ಯರು ಎಸ್‌ವಿಟಿ ಅನ್ನುತ್ತಾರೆ. 1997ರ ಅಧ್ಯಯನವೊಂದರಲ್ಲಿ ಈ ತೊಂದರೆ ಇದ್ದ 107 ಜನರಲ್ಲಿ 67% ಜನರ ಲಕ್ಷಣಗಳು ಪ್ಯಾನಿಕ್ ಡಿಸಾರ್ಡರ್‌ನ ವ್ಯಾಖ್ಯೆಗೆ ಸರಿಹೊಂದುತ್ತಿದ್ದವು. ಆ ವೇಗದ ಬಡಿತ ನಿಂತ ಮೇಲೆ ತೆಗೆದ ಇಸಿಜಿ ನಾರ್ಮಲ್ ಬರಬಹುದು, ಹಾಗಾಗಿ ತಪ್ಪಿಹೋಗುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಹೇಗೆ ಶುರುವಾಯಿತು, ಹೇಗೆ ನಿಂತಿತು ಅನ್ನುವುದು. ಸ್ವಿಚ್ ಹಾಕಿದ ಹಾಗೆ ಶುರುವಾಗಿ, ಸ್ವಿಚ್ ಆರಿಸಿದ ಹಾಗೆ ನಿಂತರೆ ಎಸ್‌ವಿಟಿ ಬಗ್ಗೆ ಯೋಚಿಸಬೇಕು. ಪ್ಯಾನಿಕ್‌ನಲ್ಲಿ ಬಡಿತ ಅಷ್ಟು ಎತ್ತರಕ್ಕೆ ಹೋಗುವುದು ಕಡಿಮೆ, ಇಳಿಯುವುದೂ ಮೆಲ್ಲಮೆಲ್ಲಗೆ. ಒಂದೆರಡು ದಿನ ಮೈಗೆ ಅಂಟಿಸಿಕೊಂಡು ಓಡಾಡುವ, ಬಡಿತ ದಾಖಲಿಸುವ ಹೋಲ್ಟರ್ ಮಾನಿಟರ್ ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ಎದೆನೋವು ಕೈಗೋ ದವಡೆಗೋ ಹರಡಿದರೆ, ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಬಂದು ಕೂತಾಗ ಕಡಿಮೆಯಾದರೆ, ಪ್ರಜ್ಞೆ ತಪ್ಪಿದರೆ, ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದವರಿಗೆ ಮೊದಲ ಸಲ ಹೀಗಾದರೆ, ಪ್ಯಾನಿಕ್ ಇರಬಹುದು ಅಂತ ಮನೆಯಲ್ಲೇ ಕೂರಬಾರದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೋಗಿ ಏನೂ ಇಲ್ಲ ಅನ್ನಿಸಿಕೊಂಡು ಬರುವುದರಲ್ಲಿ ನಾಚಿಕೆಯ ಮಾತೇ ಇಲ್ಲ.

ಥೈರಾಯ್ಡ್ ಬಗ್ಗೆ ಒಂದು ಸಣ್ಣ ಸುಳಿವು ಹೇಳಿಬಿಡುತ್ತೇನೆ. ಆತಂಕದ ಬಡಿತ ನಿದ್ದೆಯಲ್ಲಿ ಇಳಿಯುತ್ತದೆ. ಥೈರಾಯ್ಡ್ ಜಾಸ್ತಿಯಾದಾಗ ನಿದ್ದೆಯಲ್ಲೂ ನಾಡಿ ಓಡುತ್ತಲೇ ಇರುತ್ತದೆ. ಅಕ್ಕ ಮಲಗಿದಾಗ ಭಾವ ನಾಡಿ ಎಣಿಸಿದ್ದರಂತೆ, 98 ಇತ್ತು.

ಆಸ್ತಮಾ ಇನ್ನೊಂದು. ಆಸ್ತಮಾ ಇದ್ದವರಲ್ಲಿ ಪ್ಯಾನಿಕ್ ಡಿಸಾರ್ಡರ್ ಹೆಚ್ಚು, ಒಂದು ಇನ್ನೊಂದನ್ನು ಕೆಣಕುತ್ತದೆ. ಉಸಿರು ಸಿಗದಿದ್ದರೆ ಯಾರಿಗಾದರೂ ಭಯ ಆಗಲೇಬೇಕು. ಆ ಭಯದಲ್ಲಿ ಜೋರಾಗಿ ಉಸಿರಾಡಿದರೆ ಶ್ವಾಸನಾಳ ಇನ್ನೂ ಬಿಗಿಯಾಗಬಹುದು. ಉಸಿರು ಸಿಗಲು ಹೊಡೆದುಕೊಳ್ಳುವ ಸಾಲ್ಬುಟಮಾಲ್ ಇನ್‌ಹೇಲರ್ ತಾನೇ ಎದೆ ಬಡಿತ, ಕೈ ನಡುಕ ತರುತ್ತದೆ, ಅದನ್ನು ಇನ್ನೊಂದು ಅಟ್ಯಾಕ್ ಅಂತ ಓದಿಕೊಳ್ಳುವುದು ಸುಲಭ. ಪೀಕ್ ಫ್ಲೋ ಮೀಟರ್ ಅನ್ನುವ ಊದುವ ಸಣ್ಣ ಕೊಳವೆ ಮನೆಯಲ್ಲಿದ್ದರೆ ಯಾವುದು ಯಾವುದು ಅಂತ ತಿಳಿಯಲು ಸಹಾಯವಾಗುತ್ತದೆ. ಮತ್ತೆ ಒಂದು ಮಾತು, ಇದು ಜೀವದ ಪ್ರಶ್ನೆ: ಎದೆ ಬಡಿತ ಇಳಿಸಲು ಕೆಲವರು ತೆಗೆದುಕೊಳ್ಳುವ ಪ್ರೊಪ್ರನಲಾಲ್ ಮಾತ್ರೆ ಆಸ್ತಮಾ ಇದ್ದವರಿಗೆ ಅಪಾಯಕಾರಿ. ಬೇರೆಯವರ ಮಾತ್ರೆ ಹಂಚಿಕೊಂಡು ನುಂಗುವುದು ಬೇಡ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ 70ಕ್ಕಿಂತ ಇಳಿದರೆ ಬೆವರು, ನಡುಕ, ಎದೆ ಡವಡವ, ಗಾಬರಿ ಎಲ್ಲ ಬರುತ್ತದೆ. ಅಲ್ಲಿ ಸಮಾಧಾನದ ಮಾತಲ್ಲ, ಮೊದಲು ಗ್ಲುಕೋಮೀಟರ್, ಆಮೇಲೆ ಸಿಹಿ. ಕಿವಿಯೊಳಗಿನ ಸಮತೋಲನದ ಅಂಗದಲ್ಲಿ ತೊಂದರೆ ಇದ್ದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆ ಗಿರ್ರನೆ ತಿರುಗುತ್ತದೆ, ಗಾಬರಿ ಅದರ ಬೆನ್ನಿಗೆ ಬರುತ್ತದೆ. ಅಪಸ್ಮಾರದ ಒಂದು ಬಗೆಯಲ್ಲೂ ದಿಢೀರ್ ಭಯ ಬರುತ್ತದೆ, ಆದರೆ ಅದು ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಮುಗಿಯುತ್ತದೆ, ಪ್ರತಿ ಸಲ ಅಚ್ಚು ಹಾಕಿದ ಹಾಗೆ ಒಂದೇ ಥರ ಇರುತ್ತದೆ, ಆ ಹೊತ್ತಲ್ಲಿ ಕರೆದರೆ ಓಗೊಡದೆ ಇರಬಹುದು. ಅಡ್ರಿನಲ್ ಗ್ರಂಥಿಯ ಗೆಡ್ಡೆಯೊಂದಿದೆ, ತೀರಾ ಅಪರೂಪದ್ದು. ಅಟ್ಯಾಕ್ ಜೊತೆ ವಿಪರೀತ ತಲೆನೋವು, ಬಿಪಿ ಏರಿಳಿತ ಇದ್ದರೆ ಅದನ್ನೂ ನೋಡುತ್ತಾರೆ.

ಕಾಫಿ ಕಪ್ಪಿನಲ್ಲಿರುವ ಕಾರಣವನ್ನು ಯಾರೂ ಕೇಳುವುದಿಲ್ಲ. ಪ್ಯಾನಿಕ್ ಡಿಸಾರ್ಡರ್ ಇದ್ದವರಿಗೆ ನಾಲ್ಕೈದು ಕಪ್ ಕಾಫಿಯಷ್ಟು ಕೆಫೀನ್ ಒಟ್ಟಿಗೆ ಕೊಟ್ಟ ಪ್ರಯೋಗಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಟ್ಯಾಕ್ ಬಂದಿದೆ. ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಎದೆ ಬಡಿತ ಏರಿಸುತ್ತವೆ. ದಿನಾ ಕುಡಿಯುವವರು ಮದ್ಯ ತಟ್ಟನೆ ಬಿಟ್ಟಾಗ, ತುಂಬಾ ದಿನ ತೆಗೆದುಕೊಂಡ ನಿದ್ದೆ ಮಾತ್ರೆಯನ್ನು ತಾವೇ ನಿಲ್ಲಿಸಿದಾಗ ಬರುವ ಗಾಬರಿ ಇನ್ನೂ ಗಂಭೀರ, ಅದನ್ನು ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಬೇಕು. ನಿದ್ದೆಯಿಂದ ಉಸಿರುಗಟ್ಟಿ ಎದ್ದು ಕೂರುವವರಲ್ಲಿ ಕೆಲವರದು ನಿದ್ದೆಯಲ್ಲೇ ಬರುವ ಪ್ಯಾನಿಕ್, ಕೆಲವರದು ಗೊರಕೆಯ ಜೊತೆ ಬರುವ, ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಸ್ಲೀಪ್ ಆಪ್ನಿಯಾ. ಪಕ್ಕದಲ್ಲಿ ಮಲಗುವವರನ್ನು ಕೇಳದೆ ಇದು ಗೊತ್ತಾಗುವುದಿಲ್ಲ.

ಖಿನ್ನತೆಯನ್ನು ಮರೆಯಬಾರದು. ಪ್ಯಾನಿಕ್ ಡಿಸಾರ್ಡರ್ ಜೊತೆ ಅದು ಬಹಳ ಜನರಲ್ಲಿ ಬರುತ್ತದೆ, ಮತ್ತು ಎರಡೂ ಸೇರಿದಾಗ ಬದುಕು ಬೇಡ ಅನ್ನಿಸುವ ಸಾಧ್ಯತೆ ಹೆಚ್ಚು. ಅಟ್ಯಾಕ್ ಬಗ್ಗೆ ಕೇಳುವವರು ಮಧ್ಯದ ದಿನಗಳ ಬಗ್ಗೆಯೂ ಕೇಳಬೇಕು.

ಈಗ ಅಕ್ಕನ ಪ್ರಶ್ನೆ. ಥೈರಾಯ್ಡ್ ಸರಿಯಾದ ಮೇಲೂ ಯಾಕೆ ಬರುತ್ತಿತ್ತು? 1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಕೊಟ್ಟ ವಿವರಣೆ ನನಗೆ ಇಲ್ಲಿ ಸರಿಯಾಗಿ ಕೂರುತ್ತದೆ ಅನ್ನಿಸಿದೆ. ಮೈಯಲ್ಲಿ ಏನೋ ಒಂದು ಸಣ್ಣ ಬದಲಾವಣೆ ಆಗುತ್ತದೆ. ಅದನ್ನು ಮನಸ್ಸು ‘ಸಾವು ಬಂತು’ ಅಂತ ಓದುತ್ತದೆ. ಭಯ ಹುಟ್ಟುತ್ತದೆ. ಭಯಕ್ಕೆ ಬಡಿತ ಏರುತ್ತದೆ. ಏರಿದ ಬಡಿತ ‘ನೋಡಿದೆಯಾ, ನಿಜವೇ’ ಅನ್ನುತ್ತದೆ. ಥೈರಾಯ್ಡ್ ಅಕ್ಕನ ಎದೆಯನ್ನು ತಿಂಗಳುಗಟ್ಟಲೆ ಹೊಡೆದುಕೊಳ್ಳುವಂತೆ ಮಾಡಿತ್ತು. ಅಷ್ಟರಲ್ಲಿ ಅವಳ ಮಿದುಳು ಎದೆ ಬಡಿತಕ್ಕೇ ಹೆದರಲು ಕಲಿತಿತ್ತು. ಗ್ರಂಥಿ ವಾಸಿಯಾಯಿತು, ಕಲಿತದ್ದು ಉಳಿಯಿತು. ಮೆಟ್ಟಿಲು ಹತ್ತಿ ಬಡಿತ ಏರಿದರೂ ಸಾಕಿತ್ತು.

ಆಗ ಅವಳು ಮಾಡಿದ್ದು, ನಾವೂ ಜೊತೆ ಕೊಟ್ಟದ್ದು, ಮತ್ತೆ ಮತ್ತೆ ಟೆಸ್ಟ್. ಒಂದು ವರ್ಷದಲ್ಲಿ ಒಂಬತ್ತು ಇಸಿಜಿ. ಪ್ರತಿ ಸಲ ನಾರ್ಮಲ್ ಅಂದಾಗ ಎರಡು ದಿನ ನೆಮ್ಮದಿ, ಮೂರನೇ ದಿನ ‘ಮೊನ್ನೆ ಸರಿ ಇತ್ತು, ಇವತ್ತು?’ ಅನ್ನುವ ಅನುಮಾನ. ನನ್ನ ಅಭಿಪ್ರಾಯ ಇಷ್ಟು: ಮೊದಲ ಸಲ ತನಿಖೆ ಪೂರ್ತಿಯಾಗಿ ಆಗಬೇಕು, ಇಸಿಜಿ, ಥೈರಾಯ್ಡ್, ಶುಗರ್, ರಕ್ತಹೀನತೆ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಎಲ್ಲ. ಅವಸರದಲ್ಲಿ ‘ಟೆನ್ಷನ್’ ಅಂದುಬಿಡುವುದು ತಪ್ಪು. ಆದರೆ ಪೂರ್ತಿಯಾಗಿ ನೋಡಿದ ಮೇಲೆ, ಲಕ್ಷಣ ಹೊಸ ಥರ ಬದಲಾಗದ ಹೊರತು ಅದೇ ಪರೀಕ್ಷೆ ಮತ್ತೆ ಮಾಡಿಸುವುದನ್ನು ನಿಲ್ಲಿಸಬೇಕು. ಆಮೇಲಿನ ಪ್ರತಿ ಪರೀಕ್ಷೆ ಭಯಕ್ಕೆ ಊಟ ಹಾಕುತ್ತದೆ. ಇದನ್ನು ರೋಗಿಗೆ ಹೇಳುವುದು ಕಷ್ಟ, ಮನೆಯವರು ಒಪ್ಪುವುದು ಇನ್ನೂ ಕಷ್ಟ.

ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡುವಂಥದ್ದು. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ, ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ತಿಂಗಳು. ಇಲ್ಲವೇ ಎಸ್‌ಎಸ್‌ಆರ್‌ಐ ಗುಂಪಿನ, ಖಿನ್ನತೆಗೂ ಕೊಡುವ ಮಾತ್ರೆ. ಕೆಲವರಿಗೆ ಎರಡೂ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಗಾಬರಿ ಸ್ವಲ್ಪ ಹೆಚ್ಚೂ ಆಗಬಹುದು, ಅದಕ್ಕೇ ಸಣ್ಣ ಡೋಸ್‌ನಿಂದ ಶುರು ಮಾಡುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ ಜನ ಒಂದು ವಾರಕ್ಕೇ ಬಿಟ್ಟುಬಿಡುತ್ತಾರೆ. ತಕ್ಷಣ ತಣ್ಣಗೆ ಮಾಡುವ ಆಲ್‌ಪ್ರಜೋಲಮ್ ಥರದ ಮಾತ್ರೆಗಳು ಅಭ್ಯಾಸ ಹಿಡಿಸುತ್ತವೆ, ವರ್ಷಗಟ್ಟಲೆ ತೆಗೆದುಕೊಳ್ಳುವುದಕ್ಕಲ್ಲ.

ಸಿಬಿಟಿಯಲ್ಲಿ ಅಕ್ಕನಿಗೆ ಮಾಡಿಸಿದ್ದನ್ನು ಒಂದು ದಿನ ಕಣ್ಣಾರೆ ನೋಡಿದೆ. ಮೂಗು ಮುಚ್ಚಿಕೊಂಡು ಒಂದು ಸಣ್ಣ ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಡಬೇಕು. ಆಮೇಲೆ ತಿರುಗುವ ಕುರ್ಚಿಯಲ್ಲಿ ಕೂತು ಸುತ್ತಬೇಕು. ಬೇಕಂತಲೇ ಏದುಸಿರು, ಬೇಕಂತಲೇ ತಲೆಸುತ್ತು. ಮೊದಲ ಸಲ 20 ಸೆಕೆಂಡಿಗೇ ಸ್ಟ್ರಾ ಬಿಸಾಡಿ ಅತ್ತಳು. ನನಗೆ ಥೆರಪಿಸ್ಟ್ ಮೇಲೆ ಕೋಪ ಬಂತು. ಐದನೇ ವಾರ ಪೂರ್ತಿ ಒಂದು ನಿಮಿಷ ಉಸಿರಾಡಿ, ಎದೆ ಮೇಲೆ ಕೈ ಇಟ್ಟುಕೊಂಡು, "ಬಡ್ಕೊಳ್ತಾ ಇದೆ. ಬಡ್ಕೊಳ್ಲಿ" ಅಂದಳು. ಆ ಅಭ್ಯಾಸದ ಉದ್ದೇಶವೇ ಅದು.

ಅಟ್ಯಾಕ್ ಬಂದಾಗ ಪಕ್ಕದಲ್ಲಿರುವವರು ಮಾಡಬೇಕಾದ್ದು ಜಾಸ್ತಿ ಇಲ್ಲ. ಕೂರಿಸಿ. ಕಡಿಮೆ ಮಾತಾಡಿ. ಮೂಗಿನಿಂದ ಮೆಲ್ಲಗೆ ಒಳಕ್ಕೆ, ಅದಕ್ಕಿಂತ ನಿಧಾನವಾಗಿ ಹೊರಕ್ಕೆ, ನೀವೂ ಜೊತೆಗೆ ಉಸಿರಾಡಿ ತೋರಿಸಿ. ಕಾಗದದ ಚೀಲದಲ್ಲಿ ಉಸಿರಾಡಿಸುವ ಹಳೆಯ ಉಪಾಯ ಬೇಡ, ಅದು ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ ಅಪಾಯ. ಮತ್ತೆ ಗಡಿಯಾರ ನೋಡಿ: ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ಇಳಿಯಿತು, ನಾಡಿ ಎಷ್ಟು, ಮುಂಚೆ ಏನು ತಿಂದಿದ್ದರು, ಕುಡಿದಿದ್ದರು, ಯಾವ ಮಾತ್ರೆ ನುಂಗಿದ್ದರು. ಡಾಕ್ಟರಿಗೆ ಈ ನಾಲ್ಕು ಸಾಲು ಬಹಳ ಬೆಲೆಯುಳ್ಳದ್ದು. ಅಕ್ಕನ ಹತ್ತಿರ ಇದಕ್ಕೇ ಒಂದು ಸಣ್ಣ ನೋಟ್‌ಬುಕ್ ಇದೆ. ಅದರ ಕೊನೆಯ ಸಾಲು ಹೋದ ವರ್ಷದ್ದು: "ಬೆಳಗ್ಗೆ 10:40ರಿಂದ 10:51. ನಾಡಿ 104. ಎರಡು ಕಪ್ ಸ್ಟ್ರಾಂಗ್ ಕಾಫಿ, ರಾತ್ರಿ ನಿದ್ದೆ ಇರಲಿಲ್ಲ. ಆಸ್ಪತ್ರೆಗೆ ಹೋಗಲಿಲ್ಲ."